ಗೋಪುರದ ಮೇಲಣ ಆಂಟೆನಾ ಎಷ್ಟು ಕಾಲ ಬಾಳೀತು?

ಗಣೇಶ ವಿಸರ್ಜನೆಯ ದಿನ ಗಿರಗಾಂವ್ ಚೌಪಾಟಿಯ ಜನಸಾಗರದ ನಡುವೆ ನಿಂತ ಪೋಲೀಸ್ ಅಧಿಕಾರಿಯ ಹೆಗಲಿಗೆ ತೂಗುವ ಚಿಕ್ಕ ರೇಡಿಯೋ ಯಂತ್ರವನ್ನು ನೀವೆಲ್ಲರೂ ಕಂಡಿರುವಿರಿ. ಅಂತಹ ಯಂತ್ರಗಳನ್ನು ಅಗ್ನಿಶಾಮಕ ದಳದವರೂ ಬಂದರಿನವರೂ ಹವ್ಯಾಸಿ ರೇಡಿಯೋಗಾರರೂ ಬಳಸುತ್ತಾರೆ. ಅದರ ಶಕ್ತಿ ನಾಲ್ಕೈದು ವ್ಯಾಟ್ ಮಾತ್ರ. ನಿಮ್ಮ ಓದುವ ಮೇಜಿನ ಮೇಲಣ ದೀಪಕ್ಕೆ ಬೇಕಾಗುವಷ್ಟು ವಿದ್ಯುತ್ತೂ ಅದಕ್ಕೆ ಬೇಡ. ಹಾಗಿದ್ದರೂ ಕೊಲಾಬಾದಲ್ಲಿ ನಿಂತು ಆಡಿದ ಮಾತು ಬೊರಿವಲಿಯಲ್ಲಿ ಕೇಳಿಸುವುದುಂಟು. ಇದು ಹೇಗೆ ಸಾಧ್ಯವೆಂದು ಯೋಚಿಸಿದ್ದೀರಾ?

ಈ ಯಂತ್ರಗಳು ಬಳಸುವ ರೇಡಿಯೋ ಅಲೆಗಳು ಹೆಚ್ಚುಕಡಮೆ ಬೆಳಕಿನಂತೆ ನೇರವಾಗಿ ಹರಿಯತಕ್ಕವು. ಭೂಮಿಯೋ ಗುಂಡಗಿದೆ. ಅಲೆಯು ನೇರವಾಗಿ ಸಾಗುತ್ತಿರುವಾಗ ನೆಲವು ಕೆಳಕ್ಕೆ ಬಾಗುತ್ತ ಹೋಗುವುದರಿಂದ, ಒಂದು ದೂರದ ಆಚೆ ಇರುವವನ ತಲೆಯ ಮೇಲೆಯೇ ಅಲೆ ಹಾದುಹೋಗುತ್ತದೆ. ಎಷ್ಟು ದೂರವೆಂಬುದಕ್ಕೆ ಒಂದು ಸುಲಭವಾದ ಲೆಕ್ಕವುಂಟು. ಆಂಟೆನಾದ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ, ಅದರ ರೇಡಿಯೋ ದಿಗಂತವು ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಮನುಷ್ಯನ ಕೈಯಲ್ಲಿನ ಯಂತ್ರವು ನೆಲದಿಂದ ಒಂದೂವರೆ ಮೀಟರು ಎತ್ತರದಲ್ಲಿದ್ದರೆ ಅದರ ದಿಗಂತ 5 ಕಿಲೋಮೀಟರು. ಇಂತಹ ಇಬ್ಬರು ಬಯಲಿನಲ್ಲಿ ನಿಂತರೆ ಹತ್ತು ಕಿಲೋಮೀಟರಿನ ತನಕ ಮಾತಾಡಿಯಾರು. ಕಟ್ಟಡಗಳು ತುಂಬಿದ ನಗರದಲ್ಲಿಯಾದರೆ ಒಂದೆರಡು ಕಿಲೋಮೀಟರಿಗೇ ದನಿ ಅಡಗೀತು. ಆದರೆ 100 ಮೀಟರು ಎತ್ತರದ ಗೋಪುರದ ತುದಿಯಲ್ಲಿರುವ ಆಂಟೆನಾದ ದಿಗಂತ 41 ಕಿಲೋಮೀಟರು. ಆದುದರಿಂದ ಆ ಗೋಪುರದ ಮೇಲೊಬ್ಬ ಮಧ್ಯಸ್ಥನನ್ನು ಕೂರಿಸಿ, ಇವನ ಮಾತನ್ನು ಕೇಳಿ ಅವನಿಗೆ ಮತ್ತೆ ಹೇಳುವಂತೆ ಮಾಡಿದರೆ, ಗೋಪುರದ ಎರಡು ದಿಕ್ಕುಗಳಲ್ಲಿ ಒಬ್ಬರಿಂದೊಬ್ಬರು 90 ಕಿಲೋಮೀಟರು ದೂರವಿರುವವರೂ ಮಾತಾಡಬಹುದು. ಆ ಮಧ್ಯಸ್ಥ ಯಂತ್ರವನ್ನೇ ರಿಪೀಟರ್ ಎಂದು ಕರೆಯುತ್ತಾರೆ.

ರಿಪೀಟರು ಕೇಳುವುದೂ ಹೇಳುವುದೂ ಏಕಕಾಲದಲ್ಲಿಯೇ. ಕೇಳಿದ ಕಂಪನಾಂಕದಲ್ಲಿಯೇ ಹೇಳಿದರೆ ತನ್ನ ದನಿಗೆ ತಾನೇ ಕಿವುಡಾದೀತೆಂದು, ಕೇಳುವುದಕ್ಕೆ ಒಂದು ಕಂಪನಾಂಕ, ಹೇಳುವುದಕ್ಕೆ ಬೇರೊಂದು. ಹವ್ಯಾಸಿಗಳ ರಿಪೀಟರುಗಳಲ್ಲಿ, ಉದಾಹರಣೆಗೆ, 145.1 ಮೆಗಾಹರ್ಟ್ಸಿನಲ್ಲಿ ಕೇಳಿ 145.7 ಮೆಗಾಹರ್ಟ್ಸಿನಲ್ಲಿ ಹೇಳುವ ಏರ್ಪಾಡು ಇರುತ್ತದೆ. ಎರಡು ಕೆಲಸಕ್ಕೂ ಸಾಮಾನ್ಯವಾಗಿ ಆಂಟೆನಾ ಒಂದೇ. ಗೋಪುರದ ಬುಡದ ಕೋಣೆಯಲ್ಲಿ ಡ್ಯೂಪ್ಲೆಕ್ಸರ್ ಎಂಬ ಟೊಳ್ಳು ಲೋಹದ ಡಬ್ಬಿಗಳ ಸಾಲು ನಿಂತು, ಹೋಗುವ ಅಲೆಯನ್ನೂ ಬರುವ ಅಲೆಯನ್ನೂ ಬೇರ್ಪಡಿಸುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳದೆ ಮುಂದೆ ಹೋಗಲಾಗದು. ಒಳ್ಳೆಯ ಗ್ರಾಹಕವೊಂದು ಒಂದು ವೋಲ್ಟಿನ ಹತ್ತು ಲಕ್ಷ ಭಾಗದಲ್ಲಿ ಐದನೆಯ ಒಂದು ಪಾಲಿನಷ್ಟು ಸಂಕೇತವನ್ನೂ ಗುರುತಿಸಬಲ್ಲದು. ಪ್ರೇಷಕವು ಅದೇ ಆಂಟೆನಾಕ್ಕೆ 40 ವ್ಯಾಟ್ ಶಕ್ತಿಯನ್ನು ಸುರಿಯುತ್ತಿರುತ್ತದೆ ಎನ್ನೋಣ. ಹೊರಹೋಗುವ ಶಕ್ತಿ ಒಳಬರುವ ಶಕ್ತಿಯ ಎಷ್ಟು ಪಟ್ಟು? 5 ಎಂದು ಬರೆದು ಅದರ ಮುಂದೆ 16 ಸೊನ್ನೆಗಳನ್ನು ಇಡಿರಿ, ಅಷ್ಟು ಪಟ್ಟು! ಡೋಲು ಬಾರಿಸುತ್ತಲೇ ಇರುವವನು ಅದೇ ಕ್ಷಣದಲ್ಲಿ ಪಕ್ಕದ ಬೀದಿಯ ಇರುವೆಯ ಹೆಜ್ಜೆಯನ್ನು ಆಲಿಸಬೇಕಾದಂತಹ ಸ್ಥಿತಿ ಇದು. ಡೋಲಿನ ಚರ್ಮ ಎಲ್ಲಿಯಾದರೂ ಒಂದಿಷ್ಟು ಸಡಿಲವಾಗಿ ಗರಗರ ಎಂದರೆ ಇರುವೆಯ ಸುದ್ದಿ ಮುಗಿಯಿತು. ಸಾಧಾರಣ ರೇಡಿಯೋ ಆಂಟೆನಾದಲ್ಲಿ ಕಣ್ಣಿಗೂ ಬೀಳದ ಕುಂದು ರಿಪೀಟರಿನ ಆಂಟೆನಾವನ್ನು ನಿರುಪಯೋಗಿಯನ್ನಾಗಿ ಮಾಡುವುದು ಈ ಕಾರಣದಿಂದ. ಅದು ಮುರಿದು ಬೀಳಬೇಕಾಗಿಲ್ಲ. ಅದರ ಒಂದು ಕೀಲು ಸಡಿಲವಾದರೆ ಸಾಕು.

ಇಂತಹ ಆಂಟೆನಾಗಳಲ್ಲಿ ಎರಡು ಬಗೆಗಳು ಹೆಚ್ಚಾಗಿ ಬಳಕೆಯಲ್ಲಿವೆ. ಒಂದರಲ್ಲಿ ಉದ್ದನೆಯ ಲೋಹದ ಕಂಬಕ್ಕೆ ನಾಲ್ಕು ಲೋಹದ ಕುಣಿಕೆಗಳನ್ನು ಒಂದರ ಮೇಲೊಂದರಂತೆ ಬಯಲಾಗಿಯೇ ತೊಡಿಸಿರುತ್ತಾರೆ. 145 ಮೆಗಾಹರ್ಟ್ಸಿನ ಅಲೆಯ ಉದ್ದ ಸುಮಾರು 2 ಮೀಟರು. ಪ್ರತಿ ಕುಣಿಕೆಯ ಉದ್ದ ಅದರ ಅರ್ಧ, ಎಂದರೆ ಸುಮಾರು ಒಂದು ಮೀಟರು. ಇನ್ನೊಂದು ಬಗೆಯಲ್ಲಿ ತಾಮ್ರದ ತುಂಡುಗಳನ್ನು ಒಂದರ ತುದಿಗೊಂದು ಬೆಸೆದು, ಇಡೀ ಸರಪಳಿಯನ್ನು ಫೈಬರ್‌ಗ್ಲಾಸ್ ಕೊಳವೆಯೊಳಗೆ ಮುಚ್ಚಿಟ್ಟಿರುತ್ತಾರೆ. ದೂರದಿಂದ ನೋಡಿದರೆ ಬಿಳಿಯ ಬೆತ್ತದಂತೆ ಕಾಣುತ್ತದೆ. ನೋಟಕ್ಕೆ ಇದೇ ಚೆಲುವಾದುದು, ಗಾಳಿಗೆ ಅಡ್ಡಿಯೂ ಕಡಮೆ. ಆದರೆ ಬಾಳಿಕೆಯ ಮಾತು ಬಂದಾಗ ಈ ಲೇಖಕನ ಮತ ಮೊದಲನೆಯದರ ಕಡೆಗೇ. ಬಯಲಾಗಿರುವುದರ ರೋಗ ಕಣ್ಣಿಗೆ ಕಾಣುತ್ತದೆ. ಮುಚ್ಚಿಟ್ಟುದರ ರೋಗ ಒಳಗೇ ಬೆಳೆಯುತ್ತದೆ.

ಈಗ ಶತ್ರುಗಳ ವಿಚಾರ. ಎಲ್ಲರಿಗೂ ಮೊದಲು ಹೊಳೆಯುವುದು ಗಾಳಿ. ಗಾಳಿಯ ವೇಗವನ್ನು ಸೆಕೆಂಡಿಗೆ ಮೀಟರುಗಳಲ್ಲಿ ಅಳೆದು, ಅದರ ವರ್ಗವನ್ನು 0.6ರಿಂದ ಗುಣಿಸಿದರೆ ಪ್ರತಿ ಚದರ ಮೀಟರಿನ ಮೇಲೆ ಬೀಳುವ ಒತ್ತಡವು ನ್ಯೂಟನ್ನುಗಳಲ್ಲಿ ಸಿಕ್ಕುತ್ತದೆ. ಸೆಕೆಂಡಿಗೆ 10 ಮೀಟರಿನ ಗಾಳಿಗೆ 60 ನ್ಯೂಟನ್. 50 ಮೀಟರಿನ ಚಂಡಮಾರುತಕ್ಕೆ 1,500. ವೇಗ ಐದು ಪಟ್ಟಾದರೆ ಹೊಡೆತ ಇಪ್ಪತ್ತೈದು ಪಟ್ಟು. ಆದುದರಿಂದ ಒಂದು ಊರಿನಲ್ಲಿ ಭದ್ರವಾಗಿ ನಿಂತ ಗೋಪುರ ಇನ್ನೊಂದು ಊರಿನಲ್ಲಿ ನಿಂತೀತೆಂದು ಹೇಳಲಾಗದು. ನಮ್ಮ ದೇಶದ ಇಂಜಿನಿಯರುಗಳಿಗಾಗಿ 1987ರಲ್ಲಿ ಪ್ರಕಟವಾದ ಭಾರತೀಯ ಮಾನಕ 875ರ ಮೂರನೆಯ ಭಾಗದಲ್ಲಿ ಊರೂರಿಗೆ ಗಾಳಿಯ ಮೂಲವೇಗವನ್ನು ಗೊತ್ತುಪಡಿಸಿದ್ದರು. ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರು, ಪುಣೆಗೆ 39, ಮುಂಬಯಿಗೂ ಹೈದರಾಬಾದಿಗೂ 44, ದೆಹಲಿಗೆ 47, ಚೆನ್ನೈಗೆ 50. ಬೆಂಗಳೂರಿನ ಲೆಕ್ಕದಲ್ಲಿ ಕಟ್ಟಿದ ಗೋಪುರವನ್ನು ಹಾಗೆಯೇ ಚೆನ್ನೈಯ ಕಡಲತೀರಕ್ಕೆ ಒಯ್ದು ನಿಲ್ಲಿಸಿದರೆ ಅದು ಎರಡು ಪಟ್ಟಿಗಿಂತ ಹೆಚ್ಚಿನ ಒತ್ತಡವನ್ನು ಎದುರಿಸಬೇಕಾಗುತ್ತದೆ. ನಮ್ಮ ತವರಿನ ಗಾಳಿ ಎಷ್ಟು ಸೌಮ್ಯವೆಂದು ಇದರಿಂದ ತಿಳಿಯಬಹುದು!

ಆದರೆ ಬಿರುಗಾಳಿಗಿಂತ ಮಂದಮಾರುತವೇ ಹೆಚ್ಚು ಅಪಾಯಕಾರಿ ಎಂದರೆ ನೀವು ನಂಬುವಿರಾ? ದುಂಡಗಿನ ಕಂಬವನ್ನು ಸುತ್ತಿ ಸಾಗುವ ಗಾಳಿಯು ಅದರ ಬೆನ್ನ ಹಿಂದೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಸುಳಿಗಳನ್ನು ಬಿಡುತ್ತ ಹೋಗುತ್ತದೆ. ತುಂಬಿದ ಹೊಳೆಯಲ್ಲಿ ನೆಟ್ಟ ಗಳುವಿನ ಹಿಂದೆ ನೀರು ಸುಳಿಯುವುದೂ ಹೀಗೆಯೇ. ಪ್ರತಿ ಸುಳಿಯೂ ಕಂಬವನ್ನು ಪಕ್ಕಕ್ಕೆ ಅಷ್ಟಿಷ್ಟು ಎಳೆಯುತ್ತದೆ. ಆರು ಸೆಂಟಿಮೀಟರು ದಪ್ಪದ ಕೊಳವೆಗೆ ಸೆಕೆಂಡಿಗೆ 5 ಮೀಟರಿನ ತಂಗಾಳಿ ಬೀಸಿದರೆ ಸೆಕೆಂಡಿಗೆ ಸುಮಾರು 17 ಸಲ ಈ ಎಳೆತ ನಡೆಯುತ್ತದೆ. ಗಂಟೆಗೆ ಅರವತ್ತು ಸಾವಿರ ಸಲ! ಕೊಳವೆಯ ಸಹಜ ಕಂಪನವೂ ಇದಕ್ಕೆ ಹೊಂದಿಕೊಂಡರೆ, ಉಯ್ಯಾಲೆಯನ್ನು ಸರಿಯಾದ ಕ್ಷಣಕ್ಕೆ ನೂಕಿದಂತಾಗಿ ಅಲುಗಾಟ ಬೆಳೆಯುತ್ತದೆ. ತಂತಿಯನ್ನು ಅತ್ತಿತ್ತ ಬಗ್ಗಿಸಿ ಬಗ್ಗಿಸಿ ತುಂಡುಮಾಡಿದ ಅನುಭವ ನಿಮಗೆಲ್ಲ ಇದೆ. ಲೋಹದ ಈ ದಣಿವಿನಲ್ಲಿ ಉಕ್ಕಿಗೆ ಒಂದು ಸೌಕರ್ಯವಿದೆ: ಎಳೆತ ಒಂದು ಮಿತಿಯೊಳಗೆ ಇದ್ದರೆ ಅದು ಎಷ್ಟು ಸಲ ಬಾಗಿದರೂ ಸೈರಿಸೀತು. ಅಲ್ಯೂಮಿನಿಯಮ್ಮಿಗೆ ಅಂತಹ ಮಿತಿಯೇ ಇಲ್ಲ. ಸಣ್ಣ ಎಳೆತವಾದರೂ ಸಾಕಷ್ಟು ಸಲ ನಡೆದರೆ ಎಂದಾದರೊಂದು ದಿನ ಬಿರುಕು ಬಿಟ್ಟೇ ತೀರುತ್ತದೆ. ಆಂಟೆನಾಗಳು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವೇ. ಅವುಗಳ ಒಳಗಣ ಬೆಸುಗೆಗಳಂತೂ ಇನ್ನೂ ಸುಕುಮಾರ.

ಈ ಮಂದಮಾರುತದ ಮಹಿಮೆಯನ್ನು ಇಂಗ್ಲೆಂಡಿನ ಎಮ್ಲಿ ಮೂರ್ ಎಂಬ ಗುಡ್ಡದ ಮೇಲೆ ಜಗತ್ತೇ ಕಂಡಿತು. ಯಾರ್ಕ್‌ಷೈರ್ ಪ್ರಾಂತದ ಆ ಗುಡ್ಡದ ಮೇಲೆ ದೂರದರ್ಶನ ಪ್ರಸಾರಕ್ಕಾಗಿ 385 ಮೀಟರು ಎತ್ತರದ ಉಕ್ಕಿನ ಕಂಬವನ್ನು ನಿಲ್ಲಿಸಿದ್ದರು. ನಮ್ಮ ವರಳಿಯ ದೂರದರ್ಶನ ಗೋಪುರದ ಎತ್ತರ ಸುಮಾರು 300 ಮೀಟರು ಎಂಬುದನ್ನು ನೆನೆದರೆ ಅದರ ಎತ್ತರ ಮನಸ್ಸಿಗೆ ಬಂದೀತು. ಆದರೆ ಅದು ವರಳಿಯದರಂತೆ ಕಾಲಗಲಿಸಿ ನಿಂತ ಜಾಲರಿಯ ಗೋಪುರವಲ್ಲ; ಬಹುಭಾಗ ದುಂಡಗಿನ ಕೊಳವೆ, ಸುತ್ತಲೂ ಉಕ್ಕಿನ ಹಗ್ಗಗಳಿಂದ ಬಿಗಿದು ನಿಲ್ಲಿಸಿದುದು. 1969ರ ಮಾರ್ಚ್ 19ರ ಸಂಜೆ ಐದು ಗಂಟೆಯ ಹೊತ್ತಿಗೆ ಅದು ಮುರಿದು ಬಿದ್ದಿತು. ಬಿದ್ದ ರಭಸಕ್ಕೆ ಸಮೀಪದ ಒಂದು ಪ್ರಾರ್ಥನಾ ಮಂದಿರವು ಹಾನಿಗೊಂಡಿತು; ದೈವವಶಾತ್ ಯಾರಿಗೂ ಗಾಯವಾಗಲಿಲ್ಲ. ಹಗ್ಗಗಳಿಗೆ ಹಿಮಗಟ್ಟಿ ಭಾರವಾಗಿದ್ದುದು ಎಲ್ಲರಿಗೂ ಕಂಡ ಕಾರಣ. ಆದರೆ ವಿಚಾರಣೆಯಲ್ಲಿ ಹೊರಬಿದ್ದ ಸಂಗತಿಯೇ ಬೇರೆ. ಒಂದೇ ಸಮನೆ ಬೀಸಿದ ಸಾಧಾರಣ ಗಾಳಿಯು ಕಂಬದ ಹಿಂದೆ ಸುಳಿಗಳನ್ನೆಬ್ಬಿಸಿ ಅದನ್ನು ತೂಗಾಡಿಸಿತ್ತು; ಅದೇ ವೇಳೆಗೆ ಹಗ್ಗಗಳ ಮೇಲಣ ಹಿಮದ ಭಾರ ಒಂದು ಮಗ್ಗುಲಿಗೆ ಹೆಚ್ಚು, ಇನ್ನೊಂದು ಮಗ್ಗುಲಿಗೆ ಕಡಮೆಯಾಗಿತ್ತು. ಈ ಎರಡೂ ಒಟ್ಟಿಗೆ ಬಂದರೆ ಏನಾದೀತೆಂದು ಕಂಬವನ್ನು ರೂಪಿಸಿದವರು ಲೆಕ್ಕ ಹಾಕಿರಲಿಲ್ಲ. ಮೊಕದ್ದಮೆಯು ಮೇಲೇರಿ ಮೇಲೇರಿ 1980ರಲ್ಲಿ ಅಲ್ಲಿಯ ಅತ್ಯುನ್ನತ ನ್ಯಾಯಪೀಠದ ಮುಂದೆ ಬಂದಾಗ, ಅದು ವಿನ್ಯಾಸದ ಅಜಾಗರೂಕತೆಯೆಂದೇ ತೀರ್ಪಾಯಿತು. ಇದೇ ಜಾತಿಯ ಇನ್ನೊಂದು ಕಂಬವು ಬೆಲ್ಮಾಂಟ್ ಎಂಬಲ್ಲಿ ನಿಂತಿತ್ತು. ಅದು ತೂಗಾಡದಿರಲೆಂದು ಅದರ ಹೊಟ್ಟೆಯೊಳಗೆ ಭಾರವಾದ ಉಕ್ಕಿನ ಸರಪಳಿಗಳನ್ನು ಇಳಿಬಿಟ್ಟರು. ಎಮ್ಲಿ ಮೂರಿನಲ್ಲಿಯಾದರೋ ಕಂಬದ ಸಹವಾಸವೇ ಬೇಡವೆಂದು 330 ಮೀಟರಿನ ಕಾಂಕ್ರೀಟು ಗೋಪುರವನ್ನು ಎಬ್ಬಿಸಿದರು. 1971ರಿಂದ ಅದು ಕೆಲಸಕ್ಕೆ ನಿಂತಿತು.

ಹಿಮದ ಕಾಟ ಮುಂಬಯಿಗಿಲ್ಲ. ನಮ್ಮ ಪಾಲಿಗೆ ಬಂದಿರುವುದು ನೀರು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದು ದಿನದಲ್ಲಿ 944 ಮಿಲಿಮೀಟರು ಮಳೆ ಸುರಿಯಿತು. ರೈಲುಗಳು ನಿಂತುವು, ದೂರವಾಣಿಗಳೂ ಮೊಬೈಲುಗಳೂ ಬಹುಭಾಗ ಮೂಕವಾದುವು. ಮಕ್ಕಳು ಶಾಲೆಗಳಲ್ಲಿಯೂ ದೊಡ್ಡವರು ಕಚೇರಿಗಳಲ್ಲಿಯೂ ರಾತ್ರಿ ಕಳೆದರು, ಮನೆಯವರಿಗೆ ಸುದ್ದಿಯಿಲ್ಲ. ರಿಪೀಟರು ಬೇಕಾಗುವುದು ಅಂತಹ ದಿನವೇ, ಅದರ ಆಂಟೆನಾ ಕೈಕೊಡುವ ಸಂಭವವಿರುವುದೂ ಅಂತಹ ದಿನವೇ. ವರ್ಷದ ಮುನ್ನೂರು ದಿನ ಚೆನ್ನಾಗಿ ನಡೆದು ಆ ಒಂದು ದಿನ ನಿಂತುಹೋಗುವ ಯಂತ್ರವನ್ನು ನಂಬಿಕೆಗೆ ಅರ್ಹವೆನ್ನಲಾದೀತೆ?

ನೀರು ಒಳನುಗ್ಗುವ ರೀತಿ ಸ್ವಾರಸ್ಯವಾಗಿದೆ. ಒಂದು ಚಿಕ್ಕ ಪ್ರಯೋಗ ಮಾಡಿ. ಗಾಜಿನದು ಬೇಡ, ಸ್ಟೀಲಿನ ಲೋಟವೊಂದನ್ನು ಬಿಸಿನೀರಿನಿಂದ ಚೆನ್ನಾಗಿ ಕಾಯಿಸಿ, ನೀರನ್ನು ಚೆಲ್ಲಿ, ತಟ್ಟೆಯಲ್ಲಿಟ್ಟ ತಣ್ಣೀರಿನ ಮೇಲೆ ಬೋರಲು ಹಾಕಿ. ಸ್ವಲ್ಪ ಹೊತ್ತಿನಲ್ಲಿ ತಟ್ಟೆಯ ನೀರು ಲೋಟದೊಳಕ್ಕೆ ಏರುತ್ತದೆ. ಫೈಬರ್‌ಗ್ಲಾಸ್ ಕೊಳವೆಯಲ್ಲಿ ನಡೆಯುವುದೂ ಇದೇ. ಬಿಸಿಲಿನಲ್ಲಿ ಕೊಳವೆಯೊಳಗಣ ಗಾಳಿ 60 ಡಿಗ್ರಿಗೆ ಕಾದು ಹಿಗ್ಗಿ ಹೊರಹೋಗುತ್ತದೆ. ಹಠಾತ್ತನೆ ಮಳೆ ಬಂದು 25 ಡಿಗ್ರಿಗೆ ತಣಿದೊಡನೆ ಅದು ಹತ್ತರಲ್ಲಿ ಒಂದು ಪಾಲು ಕುಗ್ಗಿ, ಎಲ್ಲಿ ಸೂಜಿಮೊನೆಯಷ್ಟು ಸಂದಿಯಿದ್ದರೂ ಅಲ್ಲಿಂದ ಉಸಿರೆಳೆದುಕೊಳ್ಳುತ್ತದೆ. ಆ ಉಸಿರಿನೊಡನೆ ನೀರೂ ಬರುತ್ತದೆ. ಬಂದ ನೀರಿಗೆ ಹೊರಹೋಗುವ ದಾರಿಯಿಲ್ಲ. ಆದುದರಿಂದ ತಿಳಿದ ತಯಾರಕರು ಕೊಳವೆಯ ತಳದಲ್ಲಿ ಸಣ್ಣ ರಂಧ್ರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ಅದನ್ನು ಕಂಡು, ತಯಾರಕರ ಮರೆವೆಂದು ಬಗೆದು, ಅಂಟು ಹಚ್ಚಿ ಮುಚ್ಚುವ ಜಾಣರೂ ಇದ್ದಾರೆ! ಕೆಲವೊಮ್ಮೆ ಆ ಕೆಲಸವನ್ನು ಕೀಟಗಳೇ ಮಣ್ಣು ಮೆತ್ತಿ ಮಾಡಿಬಿಡುತ್ತವೆ. ಇನ್ನು ಕೆಲವೊಮ್ಮೆ ಸ್ಥಳವಿಲ್ಲವೆಂದು ಆಂಟೆನಾವನ್ನು ತಲೆಕೆಳಗಾಗಿ ಕಟ್ಟುತ್ತಾರೆ. ಆಗ ತಳದ ರಂಧ್ರ ನೆತ್ತಿಗೆ ಬಂದು ಮಳೆನೀರಿಗೆ ಬಾಗಿಲಾಗುತ್ತದೆ, ಕೆಳಗಿನ ತುದಿ ಹೂಜಿಯಾಗುತ್ತದೆ.

ಕೊಳವೆಯೂ ಶಾಶ್ವತವಲ್ಲ. ಸೂರ್ಯನ ನೇರಿಳೆಯಾಚೆಯ ಕಿರಣಗಳು ಅದರ ಮೇಲ್ಮೈಯ ರಾಳವನ್ನು ತಿಂದುಹಾಕಿದ ಮೇಲೆ ಗಾಜಿನ ನಾರುಗಳು ರೋಮದಂತೆ ಹೊರಗೆದ್ದು ಬತ್ತಿಯಂತೆ ನೀರನ್ನು ಹೀರುತ್ತವೆ. ಬಣ್ಣ ಬಳಿದಿದ್ದರೆ ಇದು ತಡವಾಗುತ್ತದೆ, ಅಷ್ಟೆ.

ಆಂಟೆನಾದಿಂದ ಕೆಳಗಿಳಿಯುವ ಕೇಬಲಿನೊಳಕ್ಕೆ ನೀರು ಹೊಕ್ಕರೆ ಇನ್ನೂ ಕಷ್ಟ. ಅದರ ಹೊರಹೊದಿಕೆಯ ಕೆಳಗಿನ ತಾಮ್ರದ ಹೆಣಿಗೆಯು ದೀಪದ ಬತ್ತಿಯಂತೆ ನೀರನ್ನು ಮಾರುಗಟ್ಟಲೆ ಒಯ್ಯುತ್ತದೆ. ತಾಮ್ರ ಕಪ್ಪಾಗಿ, ಮೇಲಿನಿಂದ ಬರುವ ಸಂಕೇತವು ದಾರಿಯಲ್ಲಿಯೇ ಕರಗಿಹೋಗುತ್ತದೆ. ಇಲ್ಲಿ ಒಂದು ಮೋಸವನ್ನು ಹೇಳಬೇಕು. ಆಂಟೆನಾ ಸರಿಯಿದೆಯೇ ಎಂದು ಪರೀಕ್ಷಿಸಲು ಕೆಳಗಿನ ಕೋಣೆಯಲ್ಲಿ ಒಂದು ಮೀಟರನ್ನು ಇಡುತ್ತಾರೆ. ಕಳುಹಿಸಿದ ಶಕ್ತಿಯಲ್ಲಿ ಎಷ್ಟು ಪಾಲು ಪ್ರತಿಫಲಿಸಿ ಹಿಂದಿರುಗಿತೆಂದು ಅದು ತೋರಿಸುತ್ತದೆ. ಆಂಟೆನಾ ಕೆಟ್ಟಿದ್ದರೆ ಹೆಚ್ಚು ಶಕ್ತಿ ಹಿಂದಿರುಗಬೇಕು. ಈಗ ನೀರು ಕುಡಿದ ಕೇಬಲು ಹೋಗುವಾಗ ಹತ್ತರಲ್ಲಿ ಒಂಬತ್ತು ಪಾಲು ಶಕ್ತಿಯನ್ನು ನುಂಗುತ್ತದೆ ಎನ್ನೋಣ. ಉಳಿದ ಒಂದು ಪಾಲು ಮೇಲಕ್ಕೆ ಹೋಗಿ, ಅಲ್ಲಿ ಆಂಟೆನಾವೇ ಇಲ್ಲದೆ ಪೂರ್ತಿಯಾಗಿ ಹಿಂದಿರುಗಿತು. ಬರುವಾಗ ಮತ್ತೆ ಹತ್ತರಲ್ಲಿ ಒಂಬತ್ತು ಪಾಲು ಮಾಯ. ಮೀಟರಿಗೆ ತಲಪಿದ್ದು ನೂರರಲ್ಲಿ ಒಂದು ಪಾಲು. ಮೀಟರು ಹೇಳುತ್ತದೆ: ಎಲ್ಲವೂ ಕ್ಷೇಮ! ಗೋಪುರದ ಮೇಲೆ ಆಂಟೆನಾವೇ ಇಲ್ಲದಿದ್ದರೂ ಕ್ಷೇಮ! ಆದುದರಿಂದ ಹಳೆಯ ಕೇಬಲಿನ ಮೀಟರು ಹಠಾತ್ತನೆ ಮೊದಲಿಗಿಂತ ಒಳ್ಳೆಯ ಅಂಕಿಯನ್ನು ತೋರಿಸಿದರೆ ಅನುಭವಿಗಳು ಸಂತೋಷಪಡುವುದಿಲ್ಲ, ಸಂಶಯಪಡುತ್ತಾರೆ.

ಕಡಲ ಮಗ್ಗುಲಿನ ಊರಾದುದರಿಂದ ಉಪ್ಪಿನ ಮಾತನ್ನೂ ಆಡಬೇಕು. ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ನೆನೆದು ಒಂದನ್ನೊಂದು ಮುಟ್ಟಿದರೆ ಅಲ್ಲೊಂದು ಪುಟ್ಟ ವಿದ್ಯುತ್ಕೋಶ ಹುಟ್ಟುತ್ತದೆಂದು ನಿಮ್ಮ ವಿಜ್ಞಾನದ ಪಾಠದಲ್ಲಿ ಓದಿರುವಿರಿ. ಅಲ್ಯೂಮಿನಿಯಮ್ಮಿನ ಕೊಳವೆಗೆ ಹಿತ್ತಾಳೆಯ ವಾಷರ್ ಹಾಕಿದರೆ ಕೊಳವೆಯೇ ಕರಗುತ್ತ ಬಂದು ಬೂದಿಯಂತಹ ಬಿಳಿಯ ಪುಡಿ ಉದುರುತ್ತದೆ. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವುದರ ಮರ್ಮವೂ ಇದೇ ನಿಯಮದಲ್ಲಿದೆ: ಸತುವು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ. ಗೋಪುರಕ್ಕೆ ತುಕ್ಕು ಹಿಡಿದರೆ ಅದರ ಬಲ ಕುಂದುವುದೊಂದೇ ಅಲ್ಲ, ರಿಪೀಟರಿಗೆ ಬೇರೊಂದು ಕೇಡೂ ಉಂಟು. ತುಕ್ಕು ಹಿಡಿದ ಕೀಲಿನಲ್ಲಿ ವಿದ್ಯುತ್ತು ಒಂದು ದಿಕ್ಕಿನಲ್ಲಿ ಹರಿದಷ್ಟು ಸರಾಗವಾಗಿ ಇನ್ನೊಂದು ದಿಕ್ಕಿನಲ್ಲಿ ಹರಿಯದು. ಅಂತಹ ಕೀಲು ತನ್ನ ಮೇಲೆ ಬಿದ್ದ ಎರಡು ಅಲೆಗಳನ್ನು ಬೆರೆಸಿ ಮೂರನೆಯದನ್ನು ಹುಟ್ಟಿಸುತ್ತದೆ. ನಮ್ಮ ರಿಪೀಟರು 145.7ರಲ್ಲಿ ಹೇಳುತ್ತಿದೆ, ಅದೇ ಗೋಪುರದ ಮೇಲೆ ಬೇರೆಯವರ ಪ್ರೇಷಕವೊಂದು 146.3ರಲ್ಲಿ ಹೇಳುತ್ತಿದೆ ಎಂದಿಟ್ಟುಕೊಳ್ಳಿ. ಮೊದಲನೆಯದನ್ನು ಇಮ್ಮಡಿಸಿ ಎರಡನೆಯದನ್ನು ಕಳೆಯಿರಿ: 291.4ರಲ್ಲಿ 146.3 ಹೋದರೆ 145.1. ಅದು ನಮ್ಮ ರಿಪೀಟರಿನ ಕಿವಿಯ ಕಂಪನಾಂಕವೇ! ಹೀಗೆ ಒಂದು ತುಕ್ಕಿನ ಬೋಲ್ಟು ಯಾರೂ ಆಡದ ಮಾತನ್ನು ಸೃಷ್ಟಿಸಿ ರಿಪೀಟರನ್ನು ಕಿವುಡಾಗಿಸುತ್ತದೆ. ಬೋಲ್ಟು ಆಂಟೆನಾದ್ದೇ ಆಗಿರಬೇಕೆಂದಿಲ್ಲ. ಗೋಪುರದ ಏಣಿಯದೂ ಆಗಬಹುದು, ಪಕ್ಕದ ತಗಡಿನ ಛಾವಣಿಯದೂ ಆಗಬಹುದು.

ಸಿಡಿಲಿನ ವಿಚಾರ ಚಿಕ್ಕದಾಗಿ ಹೇಳಿದರೆ ಸಾಕು. ಸಾಧಾರಣ ಸಿಡಿಲಿನಲ್ಲಿ ಮೂವತ್ತು ಸಾವಿರ ಆಂಪಿಯರಿನಷ್ಟು ಪ್ರವಾಹ ಹರಿಯುತ್ತದೆ. ಬಯಲು ಕುಣಿಕೆಗಳ ಆಂಟೆನಾದಲ್ಲಿ ಪ್ರತಿ ಕುಣಿಕೆಯ ಮಧ್ಯಭಾಗವೂ ಲೋಹದ ಕಂಬಕ್ಕೆ ನೇರವಾಗಿ ಕೂಡಿರುವುದರಿಂದ ಪ್ರವಾಹಕ್ಕೆ ಭೂಮಿಗಿಳಿಯುವ ಹೆದ್ದಾರಿ ಸಿದ್ಧವಾಗಿಯೇ ಇರುತ್ತದೆ. ಫೈಬರ್‌ಗ್ಲಾಸ್ ಕೊಳವೆಯೊಳಗೆ ತೇವವಿದ್ದರೆ ಅದು ಕ್ಷಣಾರ್ಧದಲ್ಲಿ ಹಬೆಯಾಗಿ ಕೊಳವೆಯನ್ನು ಕಬ್ಬಿನ ಸಿಪ್ಪೆಯಂತೆ ಸೀಳಿಬಿಡುತ್ತದೆ. ಆಂಟೆನಾವನ್ನು ತುದಿಯ ಬದಲು ಗೋಪುರದ ಮಗ್ಗುಲಿಗೆ ಕಟ್ಟಿದರೆ ಸಿಡಿಲು ತುದಿಯನ್ನೇ ಹಿಡಿಯುವ ಸಂಭವ ಹೆಚ್ಚು. ಆದರೆ ಗೋಪುರದ ಮರೆ ಬಿದ್ದು ಒಂದು ದಿಕ್ಕಿಗೆ ದನಿ ಕುಗ್ಗುತ್ತದೆ.

ಇಷ್ಟು ಶತ್ರುಗಳಿರುವಾಗ ನಂಬಿಕೆಯನ್ನು ಅಳೆಯುವುದು ಹೇಗೆ? ಒಂದೊಂದು ಕೀಲೂ ಒಂದು ವರ್ಷ ಕೆಡದೆ ಉಳಿಯುವ ಸಂಭವ ನೂರಕ್ಕೆ 99 ಎಂದಿಟ್ಟುಕೊಳ್ಳೋಣ. ಪರೀಕ್ಷೆಯಲ್ಲಿ 99 ಅಂಕ ಬಂದರೆ ನಾವು ಹಿಗ್ಗುವುದಿಲ್ಲವೆ? ಆದರೆ ಹತ್ತು ಕೀಲುಗಳಲ್ಲಿ ಒಂದು ಕೆಟ್ಟರೂ ಕೆಲಸ ಕೆಟ್ಟಂತೆಯೇ ಆದಾಗ 0.99ನ್ನು ಹತ್ತು ಸಲ ಗುಣಿಸಬೇಕು. ಉತ್ತರ ನೂರಕ್ಕೆ 90. ಕೀಲುಗಳು ಮೂವತ್ತಾದರೆ 74ಕ್ಕೆ ಇಳಿಯುತ್ತದೆ, ಎಂದರೆ ನಾಲ್ಕು ವರ್ಷಕ್ಕೊಮ್ಮೆ ಗೋಪುರ ಹತ್ತಬೇಕಾದೀತು. ಒಂದೊಂದು ಕೀಲನ್ನು ಇನ್ನಷ್ಟು ಭದ್ರಪಡಿಸುವುದಕ್ಕಿಂತ ಕೀಲುಗಳ ಸಂಖ್ಯೆಯನ್ನೇ ಕಡಮೆ ಮಾಡುವುದು ಲೇಸೆಂದು ಬಲ್ಲವರು ಹೇಳುವುದು ಈ ಗುಣಾಕಾರದಿಂದಲೇ. ಅಡ್ಡ ಕೆಲಸಕ್ಕೆಂದು ಎರಡನೆಯ ಆಂಟೆನಾವೊಂದನ್ನು ತುಸು ಕೆಳಗೆ ಬೇರೆ ಕೇಬಲಿನೊಡನೆ ಕಟ್ಟಿಡುವುದೂ ವಾಡಿಕೆ.

ಎಚ್ಚರವುಳ್ಳವರು ಮೇ ತಿಂಗಳಲ್ಲಿಯೇ, ಮಳೆ ಹಿಡಿಯುವ ಮುನ್ನ, ಎಲ್ಲ ಪ್ರೇಷಕಗಳನ್ನು ನಿಲ್ಲಿಸಿ ಆಳನ್ನು ಮೇಲೆ ಕಳುಹಿಸುತ್ತಾರೆ. ಆತನು ಬೋಲ್ಟುಗಳನ್ನು ಬಿಗಿದು, ತಳದ ರಂಧ್ರವನ್ನು ಕಡ್ಡಿಯಿಂದ ಚುಚ್ಚಿ ನೋಡಿ, ಕೀಲುಗಳ ರಬ್ಬರು ಟೇಪನ್ನು ಬಿಚ್ಚಿ ಹೊಸದನ್ನು ಕೆಳಗಿನಿಂದ ಮೇಲಕ್ಕೆ, ಮಂಗಳೂರು ಹೆಂಚು ಹೊದಿಸಿದಂತೆ ಸುತ್ತುತ್ತಾನೆ. ಕೇಬಲು ಕೋಣೆಯನ್ನು ಹೊಗುವ ಮುನ್ನ ಒಂದು ಸುತ್ತು ಕೆಳಕ್ಕೆ ಜೋತುಬಿಟ್ಟರೆ ಅದರ ಮೇಲೆ ಹರಿದ ನೀರು ಅಲ್ಲಿಯೇ ತೊಟ್ಟಿಕ್ಕಿ ಬಿದ್ದುಹೋಗುತ್ತದೆ. ಬಳಿಕ ರಿಪೀಟರನ್ನು ನಡೆಸಿ, ಬಹಳ ಕ್ಷೀಣವಾದ ಸಂಕೇತವೊಂದನ್ನು ಕೇಳಿಸುತ್ತ, ಪ್ರೇಷಕವನ್ನು ಒಮ್ಮೆ ನಿಲ್ಲಿಸಿ ಒಮ್ಮೆ ನಡೆಸಿ ನೋಡುತ್ತಾರೆ. ನಿಂತಾಗ ಕೇಳಿಸಿದ ಸಂಕೇತ ನಡೆದಾಗ ಮುಳುಗಿದರೆ ಎಲ್ಲಿಯೋ ಒಂದು ಕೀಲು ಗರಗರ ಎನ್ನುತ್ತಿದೆ. ಆಂಟೆನಾವನ್ನು ಕಳಚಿ ಅದರ ಜಾಗದಲ್ಲಿ ಶಕ್ತಿಯನ್ನು ಶಾಖವಾಗಿ ನುಂಗುವ ರೋಧಕವನ್ನು ಜೋಡಿಸಿದಾಗ ಗರಗರ ನಿಂತರೆ ದೋಷ ಗೋಪುರದ ಕಡೆಯದು, ನಿಲ್ಲದಿದ್ದರೆ ಕೋಣೆಯ ಒಳಗಿನದು. ಗಾಳಿ ಬೀಸಿದಾಗ ಮಾತ್ರ ಗರಗರವಾಗುತ್ತಿದ್ದರಂತೂ ಹುಡುಕುವುದಕ್ಕೆ ಗಾಳಿಯ ದಿನವನ್ನೇ ಕಾಯಬೇಕು. ಆದರೆ ಗಾಳಿಯ ದಿನ ಯಾರನ್ನೂ ಗೋಪುರಕ್ಕೆ ಹತ್ತಿಸುವಂತಿಲ್ಲ. ಆಗ ಕೆಳಗೆ ಇಬ್ಬರು ಕೂತು, ಒಬ್ಬ ಮೀಟರಿನ ಮುಳ್ಳನ್ನೂ ಇನ್ನೊಬ್ಬ ದುರ್ಬೀನಿನಲ್ಲಿ ಅಲುಗುವ ಕುಣಿಕೆಗಳನ್ನೂ ನೋಡುತ್ತ, ಯಾವುದು ಅಲುಗಿದಾಗ ಮುಳ್ಳು ಹಾರಿತೆಂದು ಗುರುತು ಹಾಕಿಕೊಳ್ಳುತ್ತಾರೆ.